ನಿಂತ ಗಾಡಿಯ ಕಂತು

ಹುಬ್ಬಳ್ಳಿ–ಧಾರವಾಡದ ಖಾಸಗಿ ಬಸ್ ವ್ಯವಹಾರಕ್ಕೆ ಎರಡು ಕವಲು. ಕತ್ತಲಾದ ಮೇಲೆ ಹೊರಟು ಬೆಳಗಾಗುವುದರೊಳಗೆ ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ್ ಮುಟ್ಟುವ ಸ್ಲೀಪರ್ ಗಾಡಿಗಳದು ಒಂದು. ಮದುವೆಗೆ, ಶಾಲೆಯ ಪ್ರವಾಸಕ್ಕೆ, ತೀರ್ಥಯಾತ್ರೆಗೆ ಇಡೀ ಗಾಡಿಯನ್ನು ಬಾಡಿಗೆಗೆ ಕೊಡುವವರದು ಇನ್ನೊಂದು. ಮೊದಲನೆಯದರಲ್ಲಿ ದೊಡ್ಡ ಕಂಪನಿಗಳಿವೆ. ಎರಡನೆಯದು ಹೆಚ್ಚಾಗಿ ಒಂದು, ಎರಡು, ಐದು ಗಾಡಿ ಇಟ್ಟುಕೊಂಡ ಸಣ್ಣ ಮಾಲೀಕರ ಕೈಯಲ್ಲಿದೆ. ಅವರಲ್ಲಿ ಅನೇಕರು ತಾವೇ ಡ್ರೈವರ್ ಆಗಿದ್ದವರು. ವರ್ಷಗಟ್ಟಲೆ ಮಂದಿಯ ಗಾಡಿ ಓಡಿಸಿ, ಸಾಲ ಮಾಡಿ ಸ್ವಂತದ್ದು ಕೊಂಡವರು. ಕೋವಿಡ್ ಕಾಲದ ನೆನಪು ಈ ಎರಡನೇ ಕವಲಿನವರಲ್ಲಿ ಇನ್ನೂ ಹಸಿಯಾಗಿದೆ.

ಅವಳಿ ನಗರದಲ್ಲಿ ಈ ಕಸುಬು ಬೇರೂರಲು ಊರು ಇರುವ ಜಾಗವೇ ಕಾರಣ. ಪುಣೆ–ಬೆಂಗಳೂರು ಹೆದ್ದಾರಿ ಇಲ್ಲಿಯೇ ಹಾದುಹೋಗುತ್ತದೆ. ಬೆಂಗಳೂರಿಗೆ 400 ಕಿಲೋಮೀಟರಿಗೆ ತುಸು ಹೆಚ್ಚು, ಅಂದರೆ ಸರಿಯಾಗಿ ಒಂದು ರಾತ್ರಿಯ ಓಟ. ಪಶ್ಚಿಮಕ್ಕೆ ತಿರುಗಿದರೆ ಯಲ್ಲಾಪುರದ ಘಟ್ಟ ಇಳಿದು ಗೋಕರ್ಣ, ಮುರ್ಡೇಶ್ವರ. ಪೂರ್ವಕ್ಕೆ ಗದಗ, ಕೊಪ್ಪಳದ ಮೇಲೆ ಹಂಪಿ. ಉತ್ತರಕ್ಕೆ ಬಾದಾಮಿ, ಐಹೊಳೆ, ಪಟ್ಟದಕಲ್ಲು, ವಿಜಯಪುರ. ಸವದತ್ತಿ ಎಲ್ಲಮ್ಮನ ಗುಡ್ಡ ಅರ್ಧ ದಿನದಲ್ಲಿ ಹೋಗಿ ಬರುವ ದಾರಿ. ಗೋವಾ ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ. ಶಾಲೆಯ ಮಕ್ಕಳನ್ನು ಎರಡು ದಿನದಲ್ಲಿ ಒಂದು ಸುತ್ತು ತೋರಿಸಿಕೊಂಡು ಬರಲು ಇದಕ್ಕಿಂತ ಅನುಕೂಲದ ಊರು ರಾಜ್ಯದಲ್ಲಿ ಹೆಚ್ಚಿಲ್ಲ.

ಕಾನೂನಿನ ಕಥೆ ಇಷ್ಟು ಸರಳವಲ್ಲ. ದಾರಿಯಲ್ಲಿ ನಿಂತು ನಿಂತು ಜನರನ್ನು ಹತ್ತಿಸಿಕೊಳ್ಳುವ ಮಜಲು ವಾಹನದ ಹಕ್ಕು ಈ ಭಾಗದಲ್ಲಿ ಬಹುಮಟ್ಟಿಗೆ ಸರ್ಕಾರಿ ಸಾರಿಗೆಗೆ ಸೇರಿದ್ದು. ಖಾಸಗಿಯವರಿಗೆ ಉಳಿದದ್ದು ಇಡೀ ಗಾಡಿಯನ್ನು ಬಾಡಿಗೆಗೆ ಕೊಡುವ ಒಪ್ಪಂದ ವಾಹನ. ಅದನ್ನೂ 1976ರಲ್ಲಿ ಸರ್ಕಾರ ಕಾಯ್ದೆಯ ಮೂಲಕ ಸ್ವಾಧೀನಕ್ಕೆ ತೆಗೆದುಕೊಂಡಿತು. ಮರುವರ್ಷ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆ ಕಾಯ್ದೆ ರದ್ದಾದದ್ದು 2003ರಲ್ಲಿ. ನಡುವಿನ ವರ್ಷಗಳಲ್ಲಿ ಪ್ರವಾಸಿ ಪರ್ಮಿಟ್ ಹಿಡಿದು ನಡೆದವರೂ ಇದ್ದರು. 1976ರಲ್ಲೇ ಗದಗಿನಲ್ಲಿ ಒಂದು ಲಾರಿಯಿಂದ ಸಾಗಣೆ ಶುರು ಮಾಡಿದ ವಿಜಯ ಸಂಕೇಶ್ವರರ ವಿಆರ್‌ಎಲ್ ಸಂಸ್ಥೆ 1996ರಲ್ಲಿ ಪ್ರಯಾಣಿಕರ ಬಸ್ಸಿಗೆ ಕೈಹಾಕಿತು. ಮರುವರ್ಷ, 1997ರ ನವೆಂಬರ್ 1ರಂದು, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಕೇಂದ್ರ ಕಚೇರಿ ಇಟ್ಟುಕೊಂಡು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಹುಟ್ಟಿತು. ಹೀಗೆ ಖಾಸಗಿಯ ದೊಡ್ಡ ಹೆಸರು, ಸರ್ಕಾರಿ ಸಂಸ್ಥೆಯ ಕೇಂದ್ರ ಎರಡೂ ಒಂದೇ ಊರಿನಲ್ಲಿ ಬೆಳೆದವು. ಸಣ್ಣ ಮಾಲೀಕರು ಇವೆರಡರ ನಡುವೆ ಸಿಕ್ಕ ಜಾಗದಲ್ಲಿ ಬಾಳಿದರು.

ಆ ಬಾಳಿಗೆ ಒಂದು ಪಂಚಾಂಗವಿತ್ತು. ಮಳೆಗಾಲದಲ್ಲಿ ಬಾಡಿಗೆ ಕಡಿಮೆ. ಗಾಡಿ ಗ್ಯಾರೇಜಿಗೆ ಹೋಗುತ್ತಿತ್ತು, ಬಣ್ಣ, ಸೀಟಿನ ಕುಶನ್, ಎಫ್‌ಸಿ (ಗಾಡಿಯ ಅರ್ಹತಾ ಪತ್ರ) ಕೆಲಸಗಳು ಆಗುತ್ತಿದ್ದವು. ದಸರೆಯಿಂದ ಗಾಲಿ ತಿರುಗಲು ತೊಡಗಿದರೆ, ನವೆಂಬರಿನಿಂದ ಜನವರಿಯವರೆಗೆ ಶಾಲೆಗಳ ಪ್ರವಾಸ. ಅದೇ ಹೊತ್ತಿಗೆ ಮಾಲೆ ಹಾಕಿದ ಅಯ್ಯಪ್ಪ ಭಕ್ತರ ಶಬರಿಮಲೆ ಯಾತ್ರೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ಸವದತ್ತಿ. ತುಳಸಿ ಲಗ್ನ ಮುಗಿದಲ್ಲಿಂದ ಮದುವೆಗಳು ಬೆನ್ನುಹತ್ತಿ, ಬೇಸಿಗೆಯಲ್ಲಿ ಮಿತಿಮೀರುತ್ತಿದ್ದವು. ಏಪ್ರಿಲ್–ಮೇ ತಿಂಗಳಲ್ಲಿ ಮದುವೆ, ರಜೆಯ ಪ್ರವಾಸ ಎರಡೂ ಕೂಡಿ ಬಂದು, ಒಂದೇ ಗಾಡಿಗೆ ಒಂದೇ ದಿನ ಮೂರು ಕಡೆಯಿಂದ ಫೋನು. ವರ್ಷದ ಕಂತು, ತೆರಿಗೆ, ವಿಮೆ ಎಲ್ಲವೂ ಆ ಎರಡು ತಿಂಗಳ ಗಳಿಕೆಯ ಮೇಲೆ ನಿಂತಿರುತ್ತಿದ್ದವು. ಗೋಡೆಯ ಕ್ಯಾಲೆಂಡರಿನ ಮೇ ತಿಂಗಳ ಹಾಳೆ ಪೆನ್ನಿನ ಗುರುತಿನಿಂದ ತುಂಬಿದ್ದರೆ ಮಾಲೀಕನಿಗೆ ರಾತ್ರಿ ನಿದ್ದೆ ಬರುತ್ತಿತ್ತು.

2020ರ ಮಾರ್ಚ್ ಬಂದದ್ದು ಸರಿಯಾಗಿ ಈ ಹೊತ್ತಿಗೆ. ಮಾರ್ಚ್ 14ರಿಂದ ರಾಜ್ಯದಲ್ಲಿ ಜಾತ್ರೆ, ಮದುವೆಗಳ ಮೇಲೆ ನಿರ್ಬಂಧ. 22ರಂದು ಜನತಾ ಕರ್ಫ್ಯೂ. 25ರಿಂದ ದೇಶವೇ ಬಂದ್. ಮೊದಲ ವಾರದಲ್ಲಿ ನಡೆದದ್ದು ಮುಂಗಡ ಹಿಂದಿರುಗಿಸುವ ಕೆಲಸ. ಮದುವೆ ಮುಂದೆ ಹಾಕಿದವರು, ಮನೆಯ ಮುಂದೆಯೇ ಹತ್ತು ಮಂದಿಯಲ್ಲಿ ಅಕ್ಷತೆ ಹಾಕಿ ಮುಗಿಸಿದವರು, ಕಾಶಿಗೆ ಹೊರಟು ನಿಂತಿದ್ದವರು ಎಲ್ಲರಿಗೂ ಅವರ ದುಡ್ಡು ವಾಪಸು ಬೇಕಿತ್ತು. ಆ ದುಡ್ಡು ಅಷ್ಟರಲ್ಲಿ ಟೈರಾಗಿ, ವಿಮೆಯ ಕಂತಾಗಿ ಖರ್ಚಾಗಿ ಹೋಗಿತ್ತು. ಕೈಗಡ ತಂದು ಮುಂಗಡ ಮರಳಿಸಿದ ಮನೆಗಳು ಅವಳಿ ನಗರದಲ್ಲಿ ಕಡಿಮೆಯಿಲ್ಲ. ಊರಿನಲ್ಲಿ ಹೆಸರು ಉಳಿಯಬೇಕಲ್ಲ ಎಂಬುದು ಅವರ ಲೆಕ್ಕ. ಆ ಲೆಕ್ಕ ತಪ್ಪಲಿಲ್ಲ. ಮುಂದೆ ಗಿರಾಕಿಗಳು ಮೊದಲು ಹುಡುಕಿಕೊಂಡು ಬಂದದ್ದು ಇಂಥವರನ್ನೇ.

ನಿಂತ ಗಾಡಿಗೆ ಖರ್ಚಿಲ್ಲ ಎಂದು ಹೊರಗಿನವರಿಗೆ ಅನಿಸಬಹುದು. ಬಸ್ಸು ನಿಂತಷ್ಟೂ ಕೆಡುವ ಯಂತ್ರ. ವಾರಕ್ಕೊಮ್ಮೆಯಾದರೂ ಎಂಜಿನ್ ಚಾಲೂ ಮಾಡದಿದ್ದರೆ ಬ್ಯಾಟರಿ ಸಾಯುತ್ತದೆ. ಎಂಟು–ಹತ್ತು ಟನ್ ಭಾರ ಒಂದೇ ಕಡೆ ಕೂತು ಟೈರು ಚಪ್ಪಟೆಯಾಗುತ್ತದೆ, ಬದಿ ಬಿರಿಯುತ್ತದೆ. ಗಾಳಿ ಬ್ರೇಕಿನ ಟ್ಯಾಂಕಿನಲ್ಲಿ ನೀರು ಕೂಡುತ್ತದೆ, ಡ್ರಮ್ಮಿಗೆ ತುಕ್ಕು ಹಿಡಿಯುತ್ತದೆ. ಎಸಿಯ ಗ್ಯಾಸ್ ಸೋರಿ ಹೋಗುತ್ತದೆ. ಮಳೆಗಾಲ ಬಂತೆಂದರೆ ಕಿಟಕಿಯ ರಬ್ಬರು ಸಂದಿನಿಂದ ನೀರಿಳಿದು ಸ್ಲೀಪರಿನ ಹಾಸಿಗೆಗೆ ಬೂಷ್ಟು. ಎಲ್ಲಕ್ಕಿಂತ ಕೆಟ್ಟದ್ದು ಇಲಿ. ಊರ ಹೊರಗಿನ ಖಾಲಿ ಜಾಗಗಳಲ್ಲಿ ಸಾಲಾಗಿ ನಿಂತ ಗಾಡಿಗಳ ವೈರುಗಳನ್ನು ಇಲಿಗಳು ಕಡಿದು ಹಾಕಿದವು. ಹೊಸ ಗಾಡಿಗಳಲ್ಲಿ ಸೆನ್ಸರಿನ ಒಂದು ತಂತಿ ತುಂಡಾದರೆ ಎಂಜಿನ್ನೇ ಏಳುವುದಿಲ್ಲ. ಮತ್ತೆ ರಸ್ತೆಗೆ ಇಳಿಸುವಾಗ ಟೈರು, ಬ್ಯಾಟರಿ, ವೈರಿಂಗ್, ಎಸಿ, ಕುಶನ್ ಎಲ್ಲ ಸೇರಿ ಒಂದೊಂದು ಗಾಡಿಗೂ ಲಕ್ಷಗಳಲ್ಲಿ ಖರ್ಚು ಬಿತ್ತು. ಗಾಡಿ ದುಡಿಯದ ಕಾಲದಲ್ಲಿ ಗಾಡಿಗಾಗಿ ಮಾಡಿದ ಈ ಖರ್ಚು ಯಾವ ಪರಿಹಾರದ ಪಟ್ಟಿಯಲ್ಲೂ ಬರಲಿಲ್ಲ.

ಸಾಲದ ವಿಚಾರ ಇನ್ನೂ ಭಾರವಾದದ್ದು. ರಿಸರ್ವ್ ಬ್ಯಾಂಕ್ 2020ರ ಮಾರ್ಚ್ 27ರಂದು ಮೂರು ತಿಂಗಳ ಕಂತು ಮುಂದೂಡಿಕೆಗೆ ಅವಕಾಶ ಕೊಟ್ಟಿತು. ಆಮೇಲೆ ಅದನ್ನು ಆಗಸ್ಟ್ 31ರವರೆಗೆ ವಿಸ್ತರಿಸಿತು. ಕಂತು ನಿಂತಿತು, ಬಡ್ಡಿ ನಿಲ್ಲಲಿಲ್ಲ. 30 ಲಕ್ಷ ರೂಪಾಯಿ ಸಾಲ ಉಳಿದಿರುವ ಒಂದು ಬಸ್ಸಿಗೆ ವರ್ಷಕ್ಕೆ ಶೇ 11ರ ಬಡ್ಡಿ ಎಂದುಕೊಂಡರೆ ತಿಂಗಳಿಗೆ 27,500 ರೂಪಾಯಿ. ಆರು ತಿಂಗಳಿಗೆ 1,65,000. ಈ ಮೊತ್ತ ಅಸಲಿಗೆ ಕೂಡಿಕೊಂಡಿತು. 2 ಕೋಟಿ ರೂಪಾಯಿವರೆಗಿನ ಸಾಲಗಳಿಗೆ ಬಡ್ಡಿಯ ಮೇಲಿನ ಬಡ್ಡಿಯನ್ನು ಸರ್ಕಾರ ಭರಿಸಿತಾದರೂ ಮೂಲ ಬಡ್ಡಿ ಮಾಲೀಕನ ತಲೆಯ ಮೇಲೆಯೇ ಉಳಿಯಿತು. ಕೇಂದ್ರ ಸರ್ಕಾರದ ತುರ್ತು ಸಾಲ ಖಾತ್ರಿ ಯೋಜನೆಯಲ್ಲಿ ಉಳಿದ ಸಾಲದ ಶೇ 20ರಷ್ಟು ಹೊಸ ಸಾಲ ಸಿಕ್ಕಿತು. ಪ್ರವಾಸ ಕ್ಷೇತ್ರವನ್ನು ಹೆಸರು ಹಿಡಿದು ಅದರೊಳಗೆ ಸೇರಿಸಿದ್ದು 2021ರ ಮಾರ್ಚ್ ಕೊನೆಗೆ, ಒಂದು ವರ್ಷ ಕಳೆದ ಮೇಲೆ. ಆ ಜೂನ್‌ನಲ್ಲಿ ಪ್ರವಾಸ ಸಂಸ್ಥೆಗಳಿಗೆ 10 ಲಕ್ಷ ರೂಪಾಯಿವರೆಗೆ ಖಾತ್ರಿ ಸಾಲದ ಇನ್ನೊಂದು ಯೋಜನೆ ಬಂತು. ಅದು ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಮಾನ್ಯತೆ ಪಡೆದವರಿಗೆ. ಎರಡು ಬಸ್ಸು, ಒಂದು ಟೆಂಪೊ ಟ್ರಾವೆಲರ್ (ಟಿಟಿ) ಇಟ್ಟುಕೊಂಡು ಕಿರಾಣಿ ಅಂಗಡಿಯಷ್ಟು ಆಫೀಸಿನಲ್ಲಿ ಕೂತವನಿಗೆ ಅಂಥ ಮಾನ್ಯತೆಯ ಕಾಗದವೊಂದಿದೆ ಎಂಬುದೇ ಆಗ ಗೊತ್ತಾಯಿತು. ಸಾಲದ ಮೇಲೆ ಸಾಲ ಕೊಟ್ಟದ್ದನ್ನು ನೆರವೆಂದು ಕರೆಯುವುದು ಕಷ್ಟ. ಆದರೂ ಆ ಹಣ ಇಲ್ಲದಿದ್ದರೆ ಹೆಚ್ಚಿನ ಗಾಡಿಗಳು ಮೊದಲ ವರ್ಷವೇ ಸೀಜ್ ಆಗಿರುತ್ತಿದ್ದವು ಎಂಬುದೂ ಸತ್ಯ.

ತೆರಿಗೆಯದು ಇನ್ನೊಂದು ಕಗ್ಗಂಟು. ಕರ್ನಾಟಕದಲ್ಲಿ ಇಂಥ ಬಸ್ಸಿನ ತೆರಿಗೆ ಸೀಟಿನ ಲೆಕ್ಕದ್ದು. ಮೂರು ತಿಂಗಳಿಗೊಮ್ಮೆ ಮುಂಗಡವಾಗಿ ಕಟ್ಟಬೇಕು. ಮೊದಲ ಲಾಕ್‌ಡೌನಿಗೆ ರಾಜ್ಯ ಸರ್ಕಾರ ಎರಡು ತಿಂಗಳ ವಿನಾಯಿತಿ ಕೊಟ್ಟಿತು. ಆಮೇಲೆ ತೆರಿಗೆ ಉಳಿಸಬೇಕೆಂದರೆ ಗಾಡಿಯ ದಾಖಲೆಗಳನ್ನು ಆರ್‌ಟಿಒ ಕಚೇರಿಗೆ ಒಪ್ಪಿಸಿ, ಗಾಡಿ ಉಪಯೋಗದಲ್ಲಿಲ್ಲ ಎಂದು ಬರೆದುಕೊಡಬೇಕು. ಕಸುಬಿನವರ ಬಾಯಲ್ಲಿ ಇದಕ್ಕೆ ಸರೆಂಡರ್ ಎಂದೇ ಹೆಸರು. ಸರೆಂಡರ್ ಮಾಡಿದ ಗಾಡಿ ನಿಂತ ಜಾಗದಿಂದ ಕದಲುವಂತಿಲ್ಲ. ತಿಂಗಳಿಗೆ ಎರಡೇ ಮದುವೆ ಸಿಕ್ಕರೂ ಅವುಗಳಿಗಾಗಿ ಮೂರು ತಿಂಗಳ ತೆರಿಗೆ ಕಟ್ಟಬೇಕು. ಕಟ್ಟಿದರೆ ಬಾಡಿಗೆ ತೆರಿಗೆಗೇ ಹೋಗುತ್ತದೆ, ಕಟ್ಟದಿದ್ದರೆ ಹಳೆಯ ಗಿರಾಕಿ ಬೇರೆಯವರ ಪಾಲು. ಹೀಗಾಗಿ ನಾಲ್ಕು ಗಾಡಿಯವರು ಮೂರನ್ನು ಸರೆಂಡರ್ ಮಾಡಿ ಒಂದನ್ನು ಉಳಿಸಿಕೊಂಡರು. ಒಂದೇ ಗಾಡಿ ಇದ್ದವನಿಗೆ ಆ ಆಯ್ಕೆಯೂ ಇರಲಿಲ್ಲ. ಲೈಸೆನ್ಸ್, ಎಫ್‌ಸಿ, ಪರ್ಮಿಟ್‌ಗಳ ಅವಧಿಯನ್ನು ಕೇಂದ್ರ ಸಾರಿಗೆ ಸಚಿವಾಲಯ ಹಲವು ಸಲ ಮುಂದೂಡಿ 2021ರ ಅಕ್ಟೋಬರ್ 31ರವರೆಗೆ ಎಳೆದದ್ದು ಆ ದಿನಗಳ ನಿಜವಾದ ಸಮಾಧಾನಗಳಲ್ಲಿ ಒಂದು.

ಇಷ್ಟೆಲ್ಲ ಕ್ರಮಗಳು ಗಾಡಿಗೆ ಸಂಬಂಧಪಟ್ಟವು. ಗಾಡಿ ಓಡಿಸುವವನ ಗತಿ ಬೇರೆಯೇ ಇತ್ತು. 2020ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಘೋಷಿಸಿದ 5,000 ರೂಪಾಯಿ ನೆರವು ಆಟೋ, ಟ್ಯಾಕ್ಸಿ ಡ್ರೈವರುಗಳಿಗೆ. ಮರುವರ್ಷದ 3,000 ರೂಪಾಯಿ ಆಟೋ, ಟ್ಯಾಕ್ಸಿ, ಮ್ಯಾಕ್ಸಿಕ್ಯಾಬಿನವರಿಗೆ. ಬಸ್ಸಿನ ಡ್ರೈವರ್ ಎರಡೂ ಸಲ ಪಟ್ಟಿಯ ಹೊರಗೆ ಉಳಿದ. ಕ್ಲೀನರಿನ ಮಾತನ್ನು ಎತ್ತಿದವರೇ ಇಲ್ಲ. ಈ ಕಸುಬಿನಲ್ಲಿ ಡ್ರೈವರಿನ ಗಳಿಕೆ ಮೂರು ಭಾಗದ್ದು: ಸಣ್ಣದೊಂದು ತಿಂಗಳ ಸಂಬಳ, ಗಾಡಿ ಓಡಿದ ದಿನದ ಬಾಟಾ, ಪ್ರವಾಸ ಮುಗಿದ ಮೇಲೆ ಗಿರಾಕಿಗಳು ಖುಷಿಯಿಂದ ಕೊಡುವ ಇನಾಮು. ಮೂರರಲ್ಲಿ ಎರಡು ಗಾಲಿ ತಿರುಗಿದರೆ ಮಾತ್ರ. ಐದು ಅಥವಾ ಹೆಚ್ಚು ಕೆಲಸಗಾರರಿರುವ ಸಾರಿಗೆ ಸಂಸ್ಥೆಗಳಿಗೆ 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯ್ದೆ ಆಗ ಅನ್ವಯಿಸುತ್ತಿತ್ತು. ಕೆಲಸದ ಹೊತ್ತು, ವಾರದ ರಜೆ ಎಲ್ಲ ಅದರಲ್ಲಿತ್ತು. ಆದರೆ ಸಣ್ಣ ಮಾಲೀಕನಿಗೂ ಡ್ರೈವರಿಗೂ ನಡುವೆ ಇರುತ್ತಿದ್ದುದು ಬಾಯಿಮಾತು. ಹಾಜರಿ ಪುಸ್ತಕವಿಲ್ಲ, ಪಿಎಫ್ ಇಲ್ಲ. ಬಸ್ಸಿಗೆ ಆರ್‌ಸಿ ಇತ್ತು, ವಿಮೆ ಇತ್ತು, ಬ್ಯಾಂಕಿನಲ್ಲಿ ಖಾತೆ ಇತ್ತು. ಇಪ್ಪತ್ತು ವರ್ಷ ಅದೇ ಮನೆಯ ಗಾಡಿ ಓಡಿಸಿದವನು ಡ್ರೈವರ್ ಎಂದು ಹೇಳುವ ಒಂದು ಚೀಟಿಯೂ ಸರ್ಕಾರದ ಯಾವ ಕಡತದಲ್ಲೂ ಇರಲಿಲ್ಲ.

ಮೊದಲ ಎರಡು ತಿಂಗಳು ಅನೇಕ ಮಾಲೀಕರು ಅಕ್ಕಿ, ಜೋಳ, ಎಣ್ಣೆ ಕೊಡಿಸಿದರು, ಅರ್ಧ ಸಂಬಳ ಕೊಟ್ಟರು. ಮೂರನೇ ತಿಂಗಳಿಗೆ ಅವರ ಕೈಯೂ ಬರಿದಾಯಿತು. ಕಲಘಟಗಿ, ಕುಂದಗೋಳ, ನವಲಗುಂದ, ಶಿಗ್ಗಾಂವಿ ಕಡೆಯ ಡ್ರೈವರುಗಳು ಊರಿಗೆ ಹೋದರು. ಮುಂಗಾರಿನ ಬಿತ್ತನೆ ಹೊತ್ತಾಗಿತ್ತು. ಟ್ರ್ಯಾಕ್ಟರ್ ಹತ್ತಿದರು, ಉದ್ಯೋಗ ಖಾತ್ರಿಯಲ್ಲಿ ಕೆರೆಯ ಹೂಳೆತ್ತಿದರು. ಸರಕು ಸಾಗಣೆಗೆ ತಡೆ ಇರಲಿಲ್ಲವಾದ್ದರಿಂದ ಕೆಲವರು ಲಾರಿ ಹತ್ತಿದರು. ಆಂಬುಲೆನ್ಸ್, ಹಾಲಿನ ಗಾಡಿ, ತರಕಾರಿಯ ಟಾಟಾ ಏಸ್ ಹಿಡಿದವರೂ ಉಂಟು. ಹೀಗೆ ಹೋದವರಲ್ಲಿ ಎಷ್ಟೋ ಮಂದಿಗೆ ಹೊಸದೊಂದು ಅರಿವಾಯಿತು: ರಾತ್ರಿ ಮನೆಯಲ್ಲಿ ಮಲಗಬಹುದು, ಮಕ್ಕಳ ಮುಖ ದಿನವೂ ನೋಡಬಹುದು. ಬಸ್ ಕಸುಬಿನ ಮುಂದಿನ ಕಷ್ಟದ ಬೇರು ಇಲ್ಲಿದೆ. ಮೂರನೇ ತಿಂಗಳಲ್ಲಿ ಕೊಡಲಾಗದ ಸಂಬಳ ಮೂರನೇ ವರ್ಷದಲ್ಲಿ ಬೇರೆ ರೂಪದಲ್ಲಿ ವಸೂಲಾಯಿತು.

2020ರ ಮೇ 19ರಿಂದ ರಾಜ್ಯದೊಳಗೆ ಸರ್ಕಾರಿ ಬಸ್ಸುಗಳು 30 ಪ್ರಯಾಣಿಕರ ಮಿತಿಯಲ್ಲಿ ಶುರುವಾದವು. ಬಾಡಿಗೆ ಗಾಡಿಗೆ ಅದರಿಂದ ಹೆಚ್ಚು ಪ್ರಯೋಜನವಾಗಲಿಲ್ಲ, ಹೋಗುವ ಜಾಗಗಳೇ ಮುಚ್ಚಿದ್ದವು. ಸವದತ್ತಿಯ ಗುಡಿ ತಿಂಗಳುಗಟ್ಟಲೆ ಬಾಗಿಲು ಹಾಕಿತ್ತು. ಶಿರಡಿ ತೆರೆದದ್ದು ನವೆಂಬರ್ 16ರಂದು. ಆ ವರ್ಷದ ಶಬರಿಮಲೆ ಯಾತ್ರೆಯಲ್ಲಿ ಮೊದಮೊದಲು ದಿನಕ್ಕೆ ಸಾವಿರ ಭಕ್ತರ ಆಸುಪಾಸಿನ ಮಿತಿ, ಅದೂ ಕೋವಿಡ್ ಪರೀಕ್ಷೆಯ ವರದಿ ಕೈಯಲ್ಲಿದ್ದರೆ. ಐವತ್ತು ಜನರ ಗಾಡಿಯಲ್ಲಿ ಒಬ್ಬನ ವರದಿ ಬೇರೆ ಬಂದರೆ ಉಳಿದವರೆಲ್ಲರ ಪ್ರಯಾಣ ಕೆಡುತ್ತಿತ್ತು. 2021ರ ಫೆಬ್ರುವರಿಯಿಂದ ಮಹಾರಾಷ್ಟ್ರದಿಂದ ಬರುವವರಿಗೆ ಆರ್‌ಟಿಪಿಸಿಆರ್ ವರದಿ ಕಡ್ಡಾಯವಾಗಿ, ನಿಪ್ಪಾಣಿ ಹತ್ತಿರದ ಕೊಗನೊಳ್ಳಿ ಚೆಕ್‌ಪೋಸ್ಟಿನಲ್ಲಿ ಗಾಡಿಗಳ ಸಾಲು ನಿಂತಿತು. ಕೊಲ್ಲಾಪುರದ ಮಹಾಲಕ್ಷ್ಮಿ, ಪಂಢರಪುರದ ವಿಠ್ಠಲ ಇವರಿಬ್ಬರ ದಾರಿಯೇ ಅವಳಿ ನಗರದ ಬಾಡಿಗೆ ಗಾಡಿಗೆ ದೊಡ್ಡ ಆಧಾರ. ಆ ದಾರಿ ಅಲ್ಲಿಗೆ ನಿಂತಿತು.

ಅದೇ ವರ್ಷದ ಜನವರಿ 15ರ ಬೆಳಿಗ್ಗೆ ಧಾರವಾಡದ ಇಟಿಗಟ್ಟಿ ಬಳಿಯ ಬೈಪಾಸಿನಲ್ಲಿ, ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ಟೆಂಪೊ ಟ್ರಾವೆಲರ್ ಟಿಪ್ಪರಿಗೆ ಡಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಜೀವ ಹೋದವು. ಶಾಲೆಯ ದಿನಗಳ ಗೆಳತಿಯರು, ತಿಂಗಳುಗಟ್ಟಲೆ ಮನೆಯೊಳಗೆ ಕೂತು ಮೊದಲ ಸಲ ಹೊರಟವರು. ಎರಡು ಲೇನಿನ ಆ ಬೈಪಾಸು ಅದಕ್ಕೂ ಮೊದಲೇ ಅಪಘಾತಗಳಿಗೆ ಕುಖ್ಯಾತ. ಆ ಬೆಳಗಿನ ನಂತರ ಡ್ರೈವರ್ ಎಂಥವನು, ರಾತ್ರಿ ನಿದ್ದೆ ಮಾಡಿದ್ದಾನೆಯೇ ಎಂದು ಗಿರಾಕಿಗಳು ಬಾಯಿಬಿಟ್ಟು ಕೇಳತೊಡಗಿದರು. ಕೇಳಬೇಕಾದ ಪ್ರಶ್ನೆಯೇ ಅದು. ಉತ್ತರ ಕೊಡಬಲ್ಲ ಅನುಭವಸ್ಥ ಡ್ರೈವರುಗಳು ಅಷ್ಟರಲ್ಲಿ ಚದುರಿ ಹೋಗಿದ್ದರು.

ಏಪ್ರಿಲ್‌ನಲ್ಲಿ ಹದಿನೈದು ದಿನ ವಿಚಿತ್ರವಾದ ಕಾಲವೊಂದು ಬಂತು. ಆರನೇ ವೇತನ ಆಯೋಗದ ಸಂಬಳ ಬೇಕೆಂದು ರಾಜ್ಯದ ಸಾರಿಗೆ ನೌಕರರು 7ರಿಂದ 21ರವರೆಗೆ ಮುಷ್ಕರ ಹೂಡಿದರು. ಸರ್ಕಾರ ಖಾಸಗಿ ಗಾಡಿಗಳನ್ನು ನಿಲ್ದಾಣದೊಳಗೆ ಬಿಟ್ಟಿತು. ಹಿಂದಿನ ದಿನದವರೆಗೆ ನಿಲ್ದಾಣದ ಹತ್ತಿರ ಸುಳಿದರೆ ದಂಡ ಕಟ್ಟುತ್ತಿದ್ದ ಟ್ರಾವೆಲ್ಸ್ ಗಾಡಿಗಳು, ಟಿಟಿಗಳು, ಮ್ಯಾಕ್ಸಿಕ್ಯಾಬುಗಳು ಪ್ಲಾಟ್‌ಫಾರ್ಮಿನಲ್ಲಿ ನಿಂತು ಗದಗ, ಬೆಳಗಾವಿ, ಹಾವೇರಿ ಎಂದು ಕೂಗಿದವು. ಅದರಿಂದ ಬಂದ ಹಣ ಕೆಲವರಿಗೆ ಒಂದು ಕಂತಿನಷ್ಟಾಯಿತು. ಮುಷ್ಕರ ಮುಗಿದ ವಾರದೊಳಗೆ, ಏಪ್ರಿಲ್ 27ರಂದು, ಎರಡನೇ ಅಲೆಯ ಕರ್ಫ್ಯೂ. ಮೇ 10ರಿಂದ ಪೂರ್ತಿ ಲಾಕ್‌ಡೌನ್. ಇನ್ನೊಂದು ಬೇಸಿಗೆಯೂ ಹೋಯಿತು.

ಶಾಲೆಗಳು 2021ರ ಆಗಸ್ಟಿನಿಂದ ಹಂತಹಂತವಾಗಿ ತೆರೆದಾಗ, ಡಿಸೆಂಬರಿನಲ್ಲಾದರೂ ಪ್ರವಾಸ ಸಿಗಬಹುದೆಂಬ ಆಸೆ ಹುಟ್ಟಿತ್ತು. ನವೆಂಬರ್ ಕೊನೆಗೆ ಧಾರವಾಡದ ವೈದ್ಯಕೀಯ ಕಾಲೇಜೊಂದರಲ್ಲಿ ನೂರಾರು ವಿದ್ಯಾರ್ಥಿಗಳಿಗೆ ಸೋಂಕು ತಗಲಿದ ಸುದ್ದಿ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಅದರ ಬೆನ್ನಿಗೆ ಓಮೈಕ್ರಾನ್, ಜನವರಿಯಲ್ಲಿ ವಾರಾಂತ್ಯದ ಕರ್ಫ್ಯೂ. ಮಕ್ಕಳ ಪ್ರವಾಸ ಮೊದಲಿನ ಪ್ರಮಾಣದಲ್ಲಿ ಮರಳಿದ್ದು 2022ರ ನವೆಂಬರಿಗೆ. ಎರಡು ಬೇಸಿಗೆ, ಎರಡು ಶಾಲಾ ಹಂಗಾಮು ಕೈತಪ್ಪಿದ ಮೇಲೆ.

ಆ ಹೊತ್ತಿಗೆ ಖರ್ಚಿನ ಲೆಕ್ಕ ಪೂರ್ತಿ ಬದಲಾಗಿತ್ತು. ಲಾಕ್‌ಡೌನಿಗೆ ಮುಂಚೆ ಲೀಟರಿಗೆ 65 ರೂಪಾಯಿ ಆಸುಪಾಸಿದ್ದ ಡೀಸೆಲ್ 2021ರ ಅಕ್ಟೋಬರಿನಲ್ಲಿ 100 ದಾಟಿತು. ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಡುವ ಗಾಡಿ ಬೆಂಗಳೂರಿಗೆ ಹೋಗಿ ಬರಲು ಸುಮಾರು 200 ಲೀಟರ್ ಕುಡಿಯುತ್ತದೆ. ಒಂದು ಸುತ್ತಿಗೇ 7,000 ರೂಪಾಯಿ ಹೆಚ್ಚುವರಿ. ನವೆಂಬರಿನಲ್ಲಿ, ಮತ್ತೆ 2022ರ ಮೇ ತಿಂಗಳಲ್ಲಿ ಸುಂಕ ಇಳಿದು ದರ ತುಸು ತಗ್ಗಿತಾದರೂ ಹಳೆಯ ಮಟ್ಟಕ್ಕೆ ಮರಳಲಿಲ್ಲ. 2020ರ ಏಪ್ರಿಲ್ 1ರಿಂದ ಬಿಎಸ್–6 ಜಾರಿಯಾಗಿ ಹೊಸ ಚಾಸಿಸ್ ದುಬಾರಿಯಾಯಿತು; ಡೀಸೆಲ್ ಜೊತೆಗೆ ಯೂರಿಯಾ ದ್ರಾವಣದ ಖರ್ಚು ಸೇರಿತು, ಊರ ಗ್ಯಾರೇಜಿನ ಮೇಸ್ತ್ರಿಗೆ ಬಗೆಹರಿಯದ ಸೆನ್ಸರ್ ತೊಂದರೆಗಳಿಗೆ ಕಂಪನಿಯ ಸರ್ವಿಸ್ ಸೆಂಟರೇ ಗತಿಯಾಯಿತು.

ಪರ್ಮಿಟ್ ವ್ಯವಸ್ಥೆಯೂ ಬದಲಾಯಿತು. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ಅಖಿಲ ಭಾರತ ಪ್ರವಾಸಿ ವಾಹನ ನಿಯಮಗಳಂತೆ, 23ಕ್ಕಿಂತ ಹೆಚ್ಚು ಸೀಟಿನ ಎಸಿ ಬಸ್ಸಿಗೆ ವರ್ಷಕ್ಕೆ 3 ಲಕ್ಷ, ಎಸಿ ಇಲ್ಲದ್ದಕ್ಕೆ 2 ಲಕ್ಷ ರೂಪಾಯಿ ಕಟ್ಟಿದರೆ ದೇಶದಲ್ಲೆಲ್ಲ ಓಡಾಡಬಹುದಾಯಿತು. ಪ್ರತಿ ಗಡಿಯಲ್ಲೂ ನಿಂತು ತೆರಿಗೆ ಕಟ್ಟುವ ಕಾಟ ತಪ್ಪಿದ್ದು ದೂರದ ಯಾತ್ರೆಯವರಿಗೆ ನಿಜಕ್ಕೂ ಒಳ್ಳೆಯದಾಯಿತು. ತವರು ರಾಜ್ಯದ ತೆರಿಗೆ ಮಾತ್ರ ಹಾಗೆಯೇ ಉಳಿಯಿತು. ತೆರಿಗೆ ಕಡಿಮೆ ಇರುವ ನಾಗಾಲ್ಯಾಂಡ್, ಅರುಣಾಚಲದಂಥ ರಾಜ್ಯಗಳಲ್ಲಿ ಗಾಡಿ ನೋಂದಾಯಿಸಿ ಇಲ್ಲಿ ಓಡಿಸುವ ದಾರಿ ಹಣ ಉಳ್ಳವರಿಗೆ ಸಿಕ್ಕಿತು. ಎರಡು ಗಾಡಿಯವನು ತನ್ನ ಕೆಎ–25 ನಂಬರ್ ಪ್ಲೇಟಿನೊಂದಿಗೆ ಕರ್ನಾಟಕದ ಸೀಟಿನ ಲೆಕ್ಕದ ತೆರಿಗೆಯನ್ನೇ ಕಟ್ಟುತ್ತ ಅವರೊಂದಿಗೆ ದರದಲ್ಲಿ ಪೈಪೋಟಿಗೆ ಇಳಿಯಬೇಕಾಯಿತು.

ಜನ ಮಾತ್ರ ಹೊರಗೆ ಬಿದ್ದಿದ್ದರು. 2022ರ ಬೇಸಿಗೆಯಲ್ಲಿ ಎರಡು ವರ್ಷ ತಡೆದಿಟ್ಟಿದ್ದ ಮದುವೆ, ಹರಕೆ, ಯಾತ್ರೆಗಳೆಲ್ಲ ಒಟ್ಟಿಗೆ ಬಂದವು. ಗಾಡಿ ಕೇಳಿ ಫೋನು ಮಾಡುವವರಿಗೆ ಕೊರತೆಯಿರಲಿಲ್ಲ. ದರ ಏರಿಸಿದರೂ ಒಪ್ಪುತ್ತಿದ್ದರು. ಆಗ ಕಣ್ಣಿಗೆ ಬಿದ್ದದ್ದು ಖಾಲಿ ಸ್ಟೇರಿಂಗ್. ತಿರುಪತಿಗೋ ಕಾಶಿಗೋ ಹೋಗುವ ಗಾಡಿಗೆ ಇಬ್ಬರು ಡ್ರೈವರ್ ಬೇಕು. ಒಬ್ಬನೂ ಸಿಗದೆ ಮಾಲೀಕನೇ ಖಾಕಿ ಅಂಗಿ ತೊಟ್ಟು ಮತ್ತೆ ಗಾಡಿ ಹತ್ತಿದ ಮನೆಗಳಿವೆ. ಅರವತ್ತು ದಾಟಿ ಮನೆಯಲ್ಲಿದ್ದವರನ್ನು ಕರೆತಂದದ್ದೂ ಇದೆ. ಮೊದಲು ಡ್ರೈವರ್ ಕೆಲಸ ಕೇಳಿಕೊಂಡು ಆಫೀಸಿನ ಬೆಂಚಿನ ಮೇಲೆ ಕೂರುತ್ತಿದ್ದ. ಈಗ ಮಾಲೀಕ ಅಡ್ವಾನ್ಸ್ ಹಿಡಿದು ಅವನ ಊರಿಗೆ ಹೋಗುವ ಕಾಲ. ಅಡ್ವಾನ್ಸ್ ಪಡೆದವನು ಹಂಗಾಮಿನ ನಡುವೆ ಇನ್ನೊಬ್ಬರ ಗಾಡಿ ಹತ್ತಿದರೆ ಕೇಳುವಂತಿಲ್ಲ. ಬಾಟಾ ಹೆಚ್ಚಾಯಿತು, ಊಟದ ಖರ್ಚು ಬೇರೆಯಾಯಿತು, ರಾತ್ರಿ ತಂಗುವಲ್ಲಿ ಡ್ರೈವರಿಗೆ ಕೋಣೆ ಬೇಕು ಎಂಬ ಮಾತು ಬಂತು. ಮೊದಲು ಆತ ಗಾಡಿಯ ಕೊನೆಯ ಸೀಟಿನಲ್ಲಿ ಸೊಳ್ಳೆ ಹೊಡೆಯುತ್ತ ಮಲಗುತ್ತಿದ್ದ. ಕೋಣೆ ಆಗಲೇ ಕೊಡಬೇಕಿತ್ತು.

ಕೊರತೆ ದುಡ್ಡಿನಿಂದ ತೀರುವಂಥದ್ದಾಗಿರಲಿಲ್ಲ. ಬಸ್ಸಿನ ಡ್ರೈವರ್ ತಯಾರಾಗುತ್ತಿದ್ದ ರೀತಿಯೇ ಮುರಿದಿತ್ತು. ಹದಿನೆಂಟು–ಇಪ್ಪತ್ತರ ಹುಡುಗ ಕ್ಲೀನರಾಗಿ ಸೇರುತ್ತಿದ್ದ. ಗಾಜು ಒರೆಸುವುದು, ಲಗೇಜು ಕಟ್ಟುವುದು, ಹಿಂದೆ ತೆಗೆಯುವಾಗ ಬದಿ ಬಡಿದು ದಾರಿ ಹೇಳುವುದು ಅವನ ಕೆಲಸ. ರಾತ್ರಿ ಡ್ರೈವರಿಗೆ ನಿದ್ದೆ ಬಾರದಂತೆ ಮಾತಾಡಿಸುವುದೂ ಅವನದೇ. ನಾಲ್ಕೈದು ವರ್ಷದಲ್ಲಿ ಖಾಲಿ ಗಾಡಿಯನ್ನು ಪೆಟ್ರೋಲ್ ಬಂಕಿನವರೆಗೆ ಒಯ್ಯಲು ಬಿಡುತ್ತಿದ್ದರು, ಆಮೇಲೆ ಬಯಲುಸೀಮೆಯ ನೇರ ರಸ್ತೆ, ಕಡೆಗೆ ಘಟ್ಟ. ಯಲ್ಲಾಪುರದಾಚೆಯ ಅರಬೈಲು ಘಟ್ಟದಲ್ಲಿ ಯಾವ ತಿರುವಿಗೆ ಯಾವ ಗೇರು, ಮಳೆಯಲ್ಲಿ ಎಲ್ಲಿ ಕಲ್ಲು ಉರುಳುತ್ತದೆ, ಹಂಪಿಯಲ್ಲಿ ಗಾಡಿ ಎಲ್ಲಿ ನಿಲ್ಲಿಸಿದರೆ ಮಕ್ಕಳು ಕಡಿಮೆ ನಡೆಯಬೇಕು, ಐವತ್ತು ಜನಕ್ಕೆ ಒಟ್ಟಿಗೆ ಚೊಕ್ಕ ಊಟ ಯಾವ ಖಾನಾವಳಿಯಲ್ಲಿ, ವಾಂತಿ ಮಾಡುವ ಮಗುವನ್ನು ಎಲ್ಲಿ ಕೂರಿಸಬೇಕು ಎಂಬುದೆಲ್ಲ ಆ ವರ್ಷಗಳಲ್ಲಿ ಬಂದ ವಿದ್ಯೆ. ಹೆವಿ ಲೈಸೆನ್ಸ್ ಕೊಡುವ ಪರೀಕ್ಷೆಯಲ್ಲಿ ಇದು ಯಾವುದೂ ಇಲ್ಲ. ಎರಡು ವರ್ಷ ಗಾಡಿ ನಿಂತಾಗ ಡ್ರೈವರಿಗಿಂತ ಮೊದಲು ಹೋದವರು ಈ ಕ್ಲೀನರುಗಳು. ಮೊಬೈಲ್ ಹಿಡಿದು ಬೈಕಿನಲ್ಲಿ ಊಟ, ಪಾರ್ಸೆಲ್ ಮುಟ್ಟಿಸುವ ಕೆಲಸಕ್ಕೆ, ಬೆಂಗಳೂರಿನ ಗೋದಾಮುಗಳಿಗೆ ಹೋದವರು ತಿರುಗಿ ಬರಲಿಲ್ಲ. 2026ರಲ್ಲಿ ಡ್ರೈವರ್ ಆಗಬೇಕಿದ್ದವನು 2020ರಲ್ಲಿ ಬಸ್ಸಿನಿಂದ ಇಳಿದುಹೋಗಿದ್ದ.

ಸರ್ಕಾರಿ ಸಾರಿಗೆಯ ಸೆಳೆತವೂ ಇತ್ತು. ಕೋವಿಡ್ ಕಾಲದಲ್ಲಿ ನಿಂತುಹೋಗಿದ್ದ ವಾಯವ್ಯ ಸಾರಿಗೆಯ ಚಾಲಕ, ಚಾಲಕ ಕಂ ನಿರ್ವಾಹಕ ನೇಮಕಾತಿ ಮತ್ತೆ ಶುರುವಾದಾಗ ಖಾಸಗಿ ಗಾಡಿಗಳಲ್ಲಿದ್ದ ಯುವಕರು ಅರ್ಜಿ ಹಿಡಿದು ಸಾಲು ನಿಂತರು. ತಿಂಗಳ ಒಂದನೇ ತಾರೀಖಿನ ಸಂಬಳ, ರಜೆ, ಪಿಂಚಣಿ ಬಿಟ್ಟು ಬಾಟಾ ನಂಬುವವನು ಯಾರು? 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದು, ಹೆಣ್ಣುಮಕ್ಕಳಿಗೆ ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ಬಸ್ಸುಗಳು ತುಂಬಿದವು, ಅವಕ್ಕೂ ಡ್ರೈವರ್ ಬೇಕಾಯಿತು. ಓಣಿಯ ಹತ್ತು ಮನೆಯ ಹೆಂಗಸರು ವಂತಿಗೆ ಹಾಕಿ ಗಾಡಿ ಮಾಡಿಕೊಂಡು ಸವದತ್ತಿಗೆ, ಧರ್ಮಸ್ಥಳಕ್ಕೆ, ಕೊಲ್ಲೂರಿಗೆ ಹೋಗುತ್ತಿದ್ದ ಬಾಡಿಗೆ ಕರಗಿತು. ಆ ಹೆಂಗಸರಿಗೆ ಆದ ಲಾಭ ದೊಡ್ಡದು. ಮನೆಯಿಂದ ಹೊರಡಲು ಯಾರ ಮುಂದೆಯೂ ಕೈಚಾಚಬೇಕಿಲ್ಲದ ಸುಖವನ್ನು ಬಾಡಿಗೆಯ ನಷ್ಟದೊಂದಿಗೆ ತೂಗಿ ನೋಡುವುದು ಸಲ್ಲ. ನಷ್ಟವಂತೂ ಆಯಿತು. ಅದೇ ತಿಂಗಳ 27ರಂದು ಧಾರವಾಡ–ಬೆಂಗಳೂರು ವಂದೇ ಭಾರತ್ ರೈಲು ಶುರುವಾಗಿ ಬೆಂಗಳೂರು ಏಳು ತಾಸಿನೊಳಗೆ ಬಂತು. ಮಳೆಗಾಲದ ವಾರಾಂತ್ಯಗಳಲ್ಲಿ ಸರ್ಕಾರಿ ಸಂಸ್ಥೆ ಹುಬ್ಬಳ್ಳಿಯಿಂದ ಜೋಗಕ್ಕೆ ತಾನೇ ವಿಶೇಷ ಬಸ್ ಬಿಟ್ಟಿತು.

ದೊಡ್ಡವರು ತಮ್ಮ ದಾರಿ ತಾವು ನೋಡಿಕೊಂಡರು. ವಿಆರ್‌ಎಲ್ ಲಾಜಿಸ್ಟಿಕ್ಸ್ 2023ರ ಆರಂಭದ ಹೊತ್ತಿಗೆ ತನ್ನ ಬಸ್ ವಿಭಾಗವನ್ನು ಬೇರ್ಪಡಿಸಿ ಪ್ರವರ್ತಕರದೇ ಆದ ವಿಜಯಾನಂದ ಟ್ರಾವೆಲ್ಸ್‌ಗೆ 230 ಕೋಟಿ ರೂಪಾಯಿಗೆ ಕೊಟ್ಟು, ಷೇರುಪೇಟೆಯಲ್ಲಿರುವ ಕಂಪನಿಯಲ್ಲಿ ಸರಕು ಸಾಗಣೆಯನ್ನು ಉಳಿಸಿಕೊಂಡಿತು. ಸಣ್ಣ ಮಾಲೀಕರಲ್ಲಿ ಕೆಲವರು ದೊಡ್ಡ ಬಸ್ಸು ಮಾರಿ 17 ಅಥವಾ 20 ಸೀಟಿನ ಟಿಟಿಗೆ ಇಳಿದರು. ಅದಕ್ಕೆ ತೆರಿಗೆ ಕಡಿಮೆ, ಒಬ್ಬನೇ ಡ್ರೈವರ್ ಸಾಕು, ಕೋವಿಡ್ ನಂತರ ಜನ ಪ್ರವಾಸ ಮಾಡುತ್ತಿರುವುದೂ ಮನೆಯವರಷ್ಟೇ ಸೇರಿದ ಸಣ್ಣ ಗುಂಪುಗಳಲ್ಲಿ. ಉಳಿದವರು ಕಾಲೇಜು, ಕಾರ್ಖಾನೆಗಳ ಸಿಬ್ಬಂದಿ ಸಾಗಣೆಯ ಗುತ್ತಿಗೆ ಹಿಡಿದರು. ಲಾಭ ತೆಳುವಾದರೂ ತಿಂಗಳಿಗೊಮ್ಮೆ ಹಣ ಬರುತ್ತದೆ, ಡ್ರೈವರ್ ಸಂಜೆ ಮನೆಗೆ ಹೋಗುತ್ತಾನೆ. ಡ್ರೈವರನ್ನು ಉಳಿಸಿಕೊಳ್ಳಲೆಂದೇ ಈ ಗುತ್ತಿಗೆ ಹಿಡಿದವರೂ ಇದ್ದಾರೆ.

ಕಡತದ ಹೊರಗಿದ್ದ ಡ್ರೈವರನ್ನು ಕಡತದೊಳಗೆ ತರುವ ಯತ್ನ ತಡವಾಗಿಯಾದರೂ ಶುರುವಾಗಿದೆ. 2021ರ ಆಗಸ್ಟಿನಲ್ಲಿ ಅಸಂಘಟಿತ ಕಾರ್ಮಿಕರ ಇ–ಶ್ರಮ್ ನೋಂದಣಿ ಬಂತು. 2024ರಲ್ಲಿ ಕರ್ನಾಟಕ ಮೋಟಾರು ಸಾರಿಗೆ ಮತ್ತು ಇತರ ಸಂಬಂಧಿತ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾಯ್ದೆ ಜಾರಿಯಾಗಿ, ವಾಹನಗಳ ಮೇಲಿನ ಉಪಕರದಿಂದ ಡ್ರೈವರ್, ಕ್ಲೀನರ್, ಮೆಕ್ಯಾನಿಕ್, ಬುಕಿಂಗ್ ಗುಮಾಸ್ತರವರೆಗೆ ಅಪಘಾತ ಪರಿಹಾರ, ಮಕ್ಕಳ ವಿದ್ಯಾರ್ಥಿವೇತನದಂಥ ಸೌಲಭ್ಯಗಳ ವ್ಯವಸ್ಥೆಯಾಯಿತು. ಅದನ್ನು ತಂದ ಕಾರ್ಮಿಕ ಸಚಿವ ಸಂತೋಷ್ ಲಾಡ್ ಕಲಘಟಗಿಯ ಶಾಸಕರು, ಧಾರವಾಡ ಜಿಲ್ಲೆಯ ಉಸ್ತುವಾರಿ ಹೊತ್ತವರು. 2020ರ ಮೇ ತಿಂಗಳಲ್ಲಿ ಇಂಥದೊಂದು ಪಟ್ಟಿ ಇದ್ದಿದ್ದರೆ ಆ 5,000 ರೂಪಾಯಿ ಬಸ್ಸಿನವರಿಗೂ ಮುಟ್ಟುತ್ತಿತ್ತು.

ಬುಕಿಂಗ್ ಪುಸ್ತಕ ಬರೆಯುವ ರೀತಿಯೂ ಈಗ ಬದಲಾಗಿದೆ. ಮೊದಲು ತಾರೀಖು, ಗಿರಾಕಿಯ ಹೆಸರು, ಹೋಗುವ ಊರು, ಗಾಡಿಯ ನಂಬರು, ಮುಂಗಡ ಎಂಬ ಐದು ಕಾಲಮುಗಳಿದ್ದವು. ಡ್ರೈವರ್ ಯಾರೆಂಬುದು ಹಿಂದಿನ ದಿನ ಸಂಜೆ ನಿರ್ಧಾರವಾಗುತ್ತಿತ್ತು. ಈಗ ಶಾಲೆಯ ಮೇಷ್ಟ್ರು ದಸರೆ ರಜೆ ಮುಗಿಸಿ ಬಂದು ಡಿಸೆಂಬರಿನ ತಾರೀಖು ಕೇಳಿದರೆ ಮಾಲೀಕ ಕೂಡಲೇ ಹ್ಞೂಂ ಅನ್ನುವುದಿಲ್ಲ. ಕುಂದಗೋಳಕ್ಕೋ ನವಲಗುಂದಕ್ಕೋ ಫೋನು ಹಚ್ಚಿ, ಆ ಎರಡು ದಿನ ಬರುತ್ತೀಯಾ ಎಂದು ಕೇಳಿ, ಆತ ಒಪ್ಪಿದ ಮೇಲೆ ಅವನ ಹೆಸರನ್ನು ಮೊದಲ ಕಾಲಮಿನಲ್ಲಿ ಬರೆದುಕೊಂಡು, ಆಮೇಲೆ ಮೇಷ್ಟ್ರ ಕೈಯಿಂದ ಮುಂಗಡ ತೆಗೆದುಕೊಳ್ಳುತ್ತಾನೆ.